ಬಾಯಾರಿಕೆ ಬೇಡವೆಂದ ಮೇಡಂ

ನಮ್ಮ ಕಡೆ ಒಂದು ಮನೆಯ ಮರ್ಯಾದೆ ತೆಗೆಯಬೇಕೆಂದರೆ ಜಗಳ ಮಾಡಬೇಕಾಗಿಲ್ಲ. ಅವರು ಕೊಟ್ಟ ಬಾಯಾರಿಕೆಯನ್ನು ‘ಬೇಡ’ ಎಂದರೆ ಸಾಕು.

(ಘಟ್ಟದ ಮೇಲಿನ ಓದುಗರಿಗೆ ಒಂದು ಮಾತು: ಇಲ್ಲಿ ಬಾಯಾರಿಕೆ ಎಂದರೆ ದಾಹ ಮಾತ್ರವಲ್ಲ. ಬಂದವರಿಗೆ ಕುಡಿಯಲು ಕೊಡುವ ಶರಬತ್ತು, ಮಜ್ಜಿಗೆ, ಬೆಲ್ಲ-ನೀರು ಎಲ್ಲದಕ್ಕೂ ಅದೇ ಹೆಸರು.)

ನಾನು ಈ ಪಾಪವನ್ನು ಆಗಾಗ ಮಾಡುತ್ತಿರುತ್ತೇನೆ. ಕೆಲಸವೇ ಅಂಥದ್ದು. ಪುತ್ತೂರು, ಸುಳ್ಯ, ಕಡಬದಲ್ಲಿ ಎಲ್ಲಾದರೂ ಕಾಡಿನ ಅಂಚಿಗೆ ಲೇಔಟ್, ರೆಸಾರ್ಟ್, ರಸ್ತೆ ಬರುತ್ತದೆಂದರೆ, ಅಲ್ಲಿ ಯಾವ ಪ್ರಾಣಿಯ, ಯಾವ ಹಕ್ಕಿಯ ಸಂಸಾರ ನಡೆದಿದೆ ಎಂದು ನೋಡಿ ವರದಿ ಕೊಡುವ ಸರಕಾರಿ ಜೀವಶಾಸ್ತ್ರಜ್ಞೆ ನಾನು. ಊರಿನವರ ಪಾಲಿಗೆ ‘ಫಾರೆಸ್ಟಿನ ಡಾಕ್ಟ್ರಮ್ಮ’. ಕೆಮ್ಮುವ ದನವನ್ನು ಎಳೆದು ತಂದು ನನ್ನ ಮುಂದೆ ನಿಲ್ಲಿಸಿದವರೂ ಇದ್ದಾರೆ.

ನನಗೆ ನಾನೇ ಹಾಕಿಕೊಂಡ ರೂಲ್ ಒಂದಿದೆ. ಅರ್ಜಿ ಹಾಕಿದವರ ಮನೆಯಲ್ಲಿ ತೊಟ್ಟು ನೀರೂ ಕುಡಿಯುವುದಿಲ್ಲ. ಮಂಡೆಕೋಲಿನಲ್ಲಿರುವ ಅಮ್ಮನಿಗೆ ಇದನ್ನು ಹೇಳಿದಾಗ ಅವಳು ಹಣೆ ಚಚ್ಚಿಕೊಂಡಳು. “ಎಂತ ಜನ ಮಾರಾಯ್ತಿ ನೀನು? ಮನೆಯವರಿಗೆ ಎಷ್ಟು ಬೇಜಾರಾಗ್ತದೆ ಗೊತ್ತುಂಟಾ?”

ಗೊತ್ತುಂಟು. ಆದರೆ ಬೇಜಾರಿಗಿಂತ ದೊಡ್ಡ ಎಡವಟ್ಟೂ ಆಗುತ್ತದೆ ಎನ್ನುವುದು ಮಾತ್ರ ಈ ಬೇಸಿಗೆಯಲ್ಲಷ್ಟೇ ಗೊತ್ತಾಯಿತು.

ಕಡಬದಿಂದ ಗುಂಡ್ಯದ ಕಡೆ ಹೋಗುವಾಗ ಸಿಗುವ ಒಂದು ಹಳ್ಳಿ. ಅಲ್ಲಿ ಹಮೀದಾಕ ಎಂಬವರು ಹೊಳೆಬದಿಯಲ್ಲಿ ಹೋಂಸ್ಟೇ ಕಟ್ಟಲು ಹೊರಟಿದ್ದರು. ಅರ್ಧ ಆಯುಷ್ಯ ದುಬೈಯಲ್ಲಿ ದುಡಿದು ಊರಿಗೆ ಮರಳಿದವರು. ಜಾಗ ಅವರದ್ದೇ. ಹೊಳೆಗೆ ಜೀಪು ಇಳಿಯಲು ರಸ್ತೆ ಬೇಕು, ರಸ್ತೆಗೆ ಒಂದು ಹಳೆಯ ಧೂಪದ ಮರ ಅಡ್ಡ. ಅದನ್ನು ಕಡಿಯಲು ಅರ್ಜಿ.

ನಾನು, ನಮ್ಮ ಗಾರ್ಡ್ ಚೆನ್ನಪ್ಪಣ್ಣ ಹೋದೆವು. ಬೆವರು ಒರೆಸುವುದರೊಳಗೆ ಹಮೀದಾಕನ ಹೆಂಡತಿ ಜುಬೈದಕ್ಕ ಎರಡು ಗ್ಲಾಸು ಲಿಂಬೆ ಶರಬತ್ತು ತಂದರು. ಮೇಲೆ ಕಾಮಕಸ್ತೂರಿ ಬೀಜ ತೇಲುತ್ತಿತ್ತು. ಅಯ್ಯೋ, ಆ ಸೆಕೆಗೆ!

“ಬೇಡ ಅಕ್ಕ, ನಾನು ಕುಡಿಯುದಿಲ್ಲ” ಎಂದೆ. ಜುಬೈದಕ್ಕನ ಮುಖ ಬಾಡಿತು. ಚೆನ್ನಪ್ಪಣ್ಣನಿಗೆ ಅಂಥ ರೂಲ್ ಏನೂ ಇಲ್ಲ. ಎರಡೂ ಗ್ಲಾಸು ಅವರೇ ಮುಗಿಸಿದರು.

ಮರದ ಬುಡಕ್ಕೆ ಹೋದರೆ ಹಿಕ್ಕೆಯ ರಾಶಿ, ಹಣ್ಣಿನ ಬೀಜಗಳು. ಕತ್ತೆತ್ತಿದೆ. ಎತ್ತರದಲ್ಲಿ ಒಂದು ಪೊಟರೆ. ಅದರ ಬಾಯಿಗೆ ಯಾರೋ ಮಣ್ಣು ಮೆತ್ತಿದಂತೆ ಗೋಡೆ, ನಡುವೆ ಸಣ್ಣ ಸೀಳು. ನನಗೆ ಖುಷಿ ತಡೆಯಲಾಗಲಿಲ್ಲ. ದೊಡ್ಡ ಮಂಗಟ್ಟೆಯ, ಅಂದರೆ ಹಾರ್ನ್‌ಬಿಲ್ ಹಕ್ಕಿಯ ಗೂಡು!

ಮಂಗಟ್ಟೆ ಹೆಣ್ಣು ಮೊಟ್ಟೆಯಿಡಲು ಪೊಟರೆಯೊಳಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುತ್ತದೆ. ರೆಕ್ಕೆಯ ಗರಿ ಉದುರಿಸಿಕೊಂಡು ತಿಂಗಳುಗಟ್ಟಲೆ ಒಳಗೇ ಕೂರುತ್ತದೆ. ಗಂಡು ಹಣ್ಣು ತಂದು ಆ ಸೀಳಿನಿಂದ ಉಣಿಸಬೇಕು.

“ಹಕ್ಕಿ ಅಲ್ವಾ ಮೇಡಂ? ಮರ ಬಿದ್ದರೆ ಹಾರಿ ಹೋಗ್ತದೆ” ಎಂದರು ಹಮೀದಾಕ.

“ಒಳಗಿರುವುದಕ್ಕೆ ಹಾರಲಿಕ್ಕೆ ಆಗುದಿಲ್ಲ. ಮರದ ಜೊತೆ ಅದೂ ಹೋಗ್ತದೆ, ಮರಿಯೂ ಹೋಗ್ತದೆ.”

ಹಮೀದಾಕ ತಲೆಯಾಡಿಸಿದರು. ನಂಬಿದಂತೆ ಕಾಣಲಿಲ್ಲ.

ನಾನು ‘ಕಡಿಯಬಾರದು’ ಎಂದು ಬರೆಯಬಹುದು. ಬರೆದೂ ಬರೆಯುತ್ತೇನೆ. ಆದರೆ ಈ ಕೆಲಸದಲ್ಲಿ ಒಂದು ಮಾತು ಕಲಿತಿದ್ದೇನೆ: ಮಾಲೀಕನಿಗೆ ಬೇಡವಾದ ಮರ ಯಾವುದೋ ಗಾಳಿಮಳೆಗೆ ‘ತಾನಾಗಿಯೇ’ ಬೀಳುತ್ತದೆ. ಪಕ್ಕದ ಬಾಳೆಗಿಡ ಅಲ್ಲಾಡದೆ ನಿಂತಿರುತ್ತದೆ, ದೈತ್ಯ ಮರ ಅಡ್ಡ ಮಲಗಿರುತ್ತದೆ! ಅದಕ್ಕೆ ಯಾವ ವರದಿ ಬರೆಯುವುದು?

ಮರುದಿನ ಪುತ್ತೂರಿನ ನನ್ನ ಆಫೀಸಿಗೆ ಖರ್ಜೂರದ ದೊಡ್ಡ ಡಬ್ಬಿ ಬಂತು, ಹಮೀದಾಕನ ಸಲಾಮಿನ ಜೊತೆ. ವಾಪಸ್ ಕಳಿಸಿದೆ. (ಅದನ್ನು ಹೊತ್ತುಕೊಂಡು ಹೋದ ಚೆನ್ನಪ್ಪಣ್ಣನ ದುಃಖ ನೋಡಬೇಕಿತ್ತು.) ಸಂಜೆಯೊಳಗೆ ಹಮೀದಾಕನೇ ಹಾಜರ್.

“ಸಿಟ್ಟು ಮಾಡ್ಬೇಡಿ ಮೇಡಂ. ನೀವು ಶರಬತ್ತು ಬೇಡ ಅಂದ್ರಿ. ನಮ್ಮ ಊರಿನ ಲೀಡರ್ ಒಬ್ರು ಹೇಳಿದ್ರು, ಬಾಯಾರಿಕೆ ಕುಡಿಯದ ಆಫೀಸರಿಗೆ ದೊಡ್ಡದು ಎಂತದೋ ಬೇಕು ಅಂತ. ಈಗ ಖರ್ಜೂರವೂ ಬೇಡ ಅಂದ್ರಿ. ಎಂತ ಬೇಕು ನಿಮಗೆ? ಬಾಯಿಬಿಟ್ಟು ಹೇಳಿ ಮಾರಾಯ್ರೆ.”

ನಾನು ಬೆಪ್ಪಾದೆ. ಕೈ ಚೊಕ್ಕವಾಗಿರಲಿ ಎಂದು ಗ್ಲಾಸು ಮುಟ್ಟದಿದ್ದರೆ, ಅದು ರೇಟು ಏರಿಸಿದ ಹಾಗೆ ಕಂಡಿದೆ! ಬೇಡ ಎಂದರೆ ಬೇಡ ಎಂದೇ ಅರ್ಥ ಎಂದು ನಂಬಲು ಜನರಿಗೆ ಇಷ್ಟು ಕಷ್ಟವೇಕೆ? ಉರಿದುಹೋಯಿತು. ಆದರೆ ಯಾರ ಮೇಲೆ ಉರಿಯುವುದು? ಅವರಿಗೆ ಈ ಪಾಠ ಕಲಿಸಿದ್ದು ನಮ್ಮಂಥ ಆಫೀಸುಗಳೇ ಅಲ್ಲವೇ?

“ಹೌದು, ನನಗೆ ಒಂದು ಬೇಕು” ಎಂದೆ.

ಹಮೀದಾಕ ನಿರಾಳವಾಗಿ ಉಸಿರು ಬಿಟ್ಟರು. “ಹೇಳಿ.”

“ನಿಮ್ಮ ಒಂದು ಬೆಳಿಗ್ಗೆ ಬೇಕು. ಜುಬೈದಕ್ಕನನ್ನೂ ಕರ್ಕೊಂಡು ಆ ಮರದ ಹತ್ತಿರ ಬನ್ನಿ.”

ಆ ಭಾನುವಾರ ಗಂಡ ಹೆಂಡತಿ ಇಬ್ಬರೂ ಬಂದರು. ಮರದಿಂದ ದೂರ, ಪೊದೆಯ ಮರೆಯಲ್ಲಿ ಕೂರಿಸಿದೆ. ಹಮೀದಾಕ ಫೋನ್ ನೋಡಿದರು, ಸೊಳ್ಳೆ ಹೊಡೆದರು, ಆಕಳಿಸಿದರು. ಹಕ್ಕಿ ಬರಲೇ ಇಲ್ಲ. ಇವತ್ತೇ ಕೈಕೊಡಬೇಕೇ ಇದು?

ಆಗ ಕೇಳಿಸಿತು, ಬುಸ್ಸ್ ಬುಸ್ಸ್ ಎಂದು ತಿದಿ ಒತ್ತಿದ ಹಾಗೆ ರೆಕ್ಕೆಯ ಸದ್ದು. ಹಳದಿ ಕೊಕ್ಕಿನ ಗಂಡು ಬಂದು ಪೊಟರೆಗೆ ಒರಗಿ ಕೂತಿತು. ಸೀಳಿನಿಂದ ಹೆಣ್ಣಿನ ಕೊಕ್ಕಿನ ತುದಿ ಹೊರಬಂತು. ಗಂಡು ಗಂಟಲಿನಿಂದ ಒಂದೊಂದೇ ಹಣ್ಣು ತೆಗೆದು ಕೊಟ್ಟಿತು. ಕೊಟ್ಟಿತು, ಕೊಡುತ್ತಲೇ ಇತ್ತು.

ಜುಬೈದಕ್ಕ ಗಂಡನ ಕಿವಿಯಲ್ಲಿ ಪಿಸುಗುಟ್ಟಿದರು. “ನೋಡಿ, ಇದು ದಿನಾ ಬರ್ತದೆ. ದುಬೈಯಲ್ಲಿದ್ದಾಗ ನೀವು ಎರಡು ವರ್ಷಕ್ಕೊಮ್ಮೆ ಬರುದು.”

“ನಾನು ಪೆಟ್ಟಿಗೆ ಕಳಿಸ್ತಿರಲಿಲ್ವಾ?”

“ಪೆಟ್ಟಿಗೆ ಬರ್ತಿತ್ತು. ನೀವು ಬರ್ತಿರಲಿಲ್ಲ.”

ಹಮೀದಾಕ ನಗಲು ನೋಡಿದರು, ಆಗಲಿಲ್ಲ. ಹಕ್ಕಿ ಹಾರಿಹೋಯಿತು. ಜುಬೈದಕ್ಕ ನನ್ನ ಕಡೆ ತಿರುಗಿದರು. “ಮರ ಕಡಿದ್ರೆ, ಅದು ಹಣ್ಣು ಹಿಡ್ಕೊಂಡು ಬಂದು ಎಲ್ಲಿ ಹುಡುಕುದು ಮೇಡಂ?”



ಹಮೀದಾಕ ಎದ್ದು ಪ್ಯಾಂಟಿನ ಹಿಂಬದಿ ಕೊಡವಿಕೊಂಡರು. “ರಸ್ತೆ ಆಚೆಯಿಂದ ಸುತ್ತಿಸ್ಬಹುದು. ಆದರೆ ಆ ಕಡೆ ನಿನ್ನ ಕರಿಮೆಣಸು ಉಂಟಲ್ಲ?”

ಗಂಡ ದುಬೈಯಲ್ಲಿದ್ದಾಗ ಆ ಬಳ್ಳಿಗಳನ್ನು ಜುಬೈದಕ್ಕ ಒಬ್ಬರೇ ನೆಟ್ಟು ಸಾಕಿದ್ದರಂತೆ. ಅವರು ಆ ಕಡೆ ಒಮ್ಮೆ ನೋಡಿದರು. “ಬಳ್ಳಿ ಇನ್ನೊಮ್ಮೆ ನೆಡ್ಬಹುದು” ಎಂದರು.

ಹಮೀದಾಕ ಅರ್ಜಿ ವಾಪಸ್ ಪಡೆದರು. ಮೊದಲ ಮಳೆಯ ಹೊತ್ತಿಗೆ ಮರಿ ಹೊರಬಂತು. ಆ ಸುದ್ದಿಯನ್ನು ನನಗೆ ಮೊದಲು ಫೋನ್ ಮಾಡಿ ಹೇಳಿದ್ದೂ ಅವರೇ, ಮನೆಯಲ್ಲಿ ಮಗು ಹುಟ್ಟಿದ ದನಿಯಲ್ಲಿ. ಈ ನೌಕರಿಯಲ್ಲಿ ಸೋಲೇ ಹೆಚ್ಚು. ಅದಕ್ಕೇ ಇಂಥದ್ದೊಂದು ಸಿಕ್ಕರೆ ನಾನು ತುಂಬಾ ದಿನ ಖುಷಿಯಲ್ಲಿರುತ್ತೇನೆ.

ಮೊನ್ನೆ ಆ ದಾರಿಯಲ್ಲಿ ಹೋಗಿದ್ದೆ. ಜುಬೈದಕ್ಕ ಅಂಗಳಕ್ಕೇ ಬಂದು ಗ್ಲಾಸು ಹಿಡಿದರು. “ಈಗ ನಮ್ಮದು ಅರ್ಜಿ ಇಲ್ಲ. ಇನ್ನು ಬೇಡ ಅಂದ್ರೆ ನಾನು ಮಾತಾಡುದಿಲ್ಲ.” ಗಟಗಟ ಕುಡಿದೆ. ಕೇಳಿ ಇನ್ನೊಂದು ಗ್ಲಾಸು ಹಾಕಿಸಿಕೊಂಡೆ. ಅಮ್ಮ ನೋಡಿದ್ದರೆ ಎಷ್ಟು ಸಂತೋಷಪಡುತ್ತಿದ್ದಳೋ!

ಹೊರಡುವಾಗ ಹಮೀದಾಕ ಜೀಪಿನ ಹತ್ತಿರ ಬಂದು ದನಿ ತಗ್ಗಿಸಿದರು.

“ಮೇಡಂ, ಆಚೆ ತೋಟದ ಭಟ್ರು ಗೋಳಿಮರ ಕಡಿಯಲಿಕ್ಕೆ ಅರ್ಜಿ ಹಾಕಿದ್ದಾರೆ. ನಮ್ಮ ಮಂಗಟ್ಟೆ ಹಣ್ಣು ತರುದು ಅದರಿಂದಲೇ. ನೀವು ಬೇಗ ಇನ್‌ಸ್ಪೆಕ್ಷನ್‌ಗೆ ಹೋಗ್ಬೇಕು.”

“ಹೋಗ್ತೇನೆ ಹಮೀದಾಕ.”

“ಮತ್ತೆ, ಭಟ್ರ ಮನೆಯ ಪುನರ್ಪುಳಿ ಶರಬತ್ತು ಭಾರಿ ರುಚಿ ಉಂಟು. ನೀವು ಮಾತ್ರ ಒಂದು ತೊಟ್ಟೂ ಕುಡೀಬೇಡಿ, ಆಯ್ತಾ?”