ದತ್ತು ಬಂದ ಜಪಾನ್ ನಾಯಿ

ನಾಯಿಯ ವಿಷಯದಲ್ಲಿ ‘ದತ್ತು’ ಎನ್ನುವ ಮಾತು ಬಳಸಬಾರದು ಎಂದು ನಾನು ಮೊದಲ ದಿನವೇ ಜಗಳ ತೆಗೆದೆ. ಹೆಂಡತಿ ಮೊಬೈಲು ಹಿಡಿದುಕೊಂಡು ಅಂಗಡಿಗೇ ಬಂದಿದ್ದಳು. ಬೀದಿಪಾಲಾದ ನಾಯಿಗಳನ್ನು ತಂದು ಸಾಕುವ ದಾವಣಗೆರೆಯ ಒಬ್ಬ ಹೆಂಗಸು ಯಾವುದೋ ಗುಂಪಿನಲ್ಲಿ ಒಂದು ಫೋಟೊ ಹಾಕಿದ್ದರು. ಕಪ್ಪು ಬಿಳಿ ಬಣ್ಣ, ನೆಲ ಮುಟ್ಟುವ ನುಣುಪು ಕೂದಲು, ಚಪ್ಪಟೆ ಮೂಗು, ಮುಖದ ತುಂಬ ಕಣ್ಣು. ಕೆಳಗೆ ‘ದತ್ತು ಪಡೆಯಲು ಸಂಪರ್ಕಿಸಿ’ ಎಂದಿತ್ತು.

“ರೀ, ಇದನ್ನ ದತ್ತು ತಗಳಾಣೇನ್ರಿ?” ಎಂದಳು.

“ನಾಯಿನ ಸಾಕ್ತಾರೆ. ದತ್ತು ತಗಳೋದು ಮನುಷ್ಯರನ್ನ,” ಎಂದೆ. ಮೊಳೆ ತೂಗುತ್ತಿದ್ದವನು ತಕ್ಕಡಿ ನೋಡದೆ ಇನ್ನೂ ಒಂದು ಹಿಡಿ ಸುರಿದೆ. ಗಿರಾಕಿ ತುಟಿ ಬಿಚ್ಚದೆ ಕಟ್ಟಿಸಿಕೊಂಡು ಹೋದ.

ನನ್ನ ಸಿಟ್ಟು ಎಲ್ಲಿಂದ ಬಂತೆಂದು ಹೆಂಡತಿಗೆ ಗೊತ್ತಿತ್ತು. ನಾನೇ ದತ್ತು ಬಂದವನು. ಹುಟ್ಟಿದ್ದು ಜಗಳೂರಿನ ಕಡೆಯ ಹಳ್ಳಿಯಲ್ಲಿ. ಅಲ್ಲಿ ನಾವು ಗಂಡುಮಕ್ಕಳೇ ಪಡಸಾಲೆ ತುಂಬ ಇದ್ದೆವು. ನಮ್ಮಪ್ಪನ ಅಣ್ಣ ನ್ಯಾಮತಿಗೆ ಬಂದು ಕಬ್ಬಿಣದ ಅಂಗಡಿ ಇಟ್ಟಿದ್ದರು, ಅವರಿಗೆ ಮಕ್ಕಳಿರಲಿಲ್ಲ. ನಾನು ಶಾಲೆಗೆ ಸೇರುವ ವಯಸ್ಸಿಗೆ ಬಂದಾಗ ಸ್ವಾಮಿಗಳ ಎದುರಿಗೆ ನನ್ನನ್ನು ಅವರ ತೊಡೆಯ ಮೇಲೆ ಕೂರಿಸಿದರು, ಹೊಸ ಹೆಸರಿಟ್ಟರು, ಅಲ್ಲಿಂದಲೇ ಬಸ್ಸು ಹತ್ತಿಸಿದರು. ಹೊಸ ಹೆಸರು ಹಿಡಿದು ಕರೆದರೆ ನಾನು ತಿರುಗುತ್ತಿರಲಿಲ್ಲ. ಹುಡುಗನಿಗೆ ಕಿವಿ ಮಂದವೇನೋ ಎಂದು ಓಣಿಯವರು ಆಡಿಕೊಂಡರು. ದೊಡ್ಡವ್ವನನ್ನು ಅವ್ವ ಅನ್ನು ಎಂದು ಎಲ್ಲರೂ ಹೇಳಿಕೊಟ್ಟರು, ನಾಲಿಗೆ ಹೊರಳಲಿಲ್ಲ. ನನ್ನ ತಲೆ ಬೆಳ್ಳಗಾದರೂ ಅವಳು ನನಗೆ ದೊಡ್ಡವ್ವನೇ.

ಆದರೂ ನಾಯಿ ಬಂತು. ಮಗಳನ್ನು ಚನ್ನಗಿರಿಗೆ ಕೊಟ್ಟ ಮೇಲೆ ಹೆಂಡತಿ ಏನನ್ನೂ ಹಟ ಹಿಡಿದು ಕೇಳಿರಲಿಲ್ಲ, ಇದನ್ನು ಕೇಳಿದಳು. ದಾವಣಗೆರೆಗೆ ಹೋದೆವು. ಹೈವೇ ಪಕ್ಕದ ಡಾಬಾದ ಹತ್ತಿರ ಯಾರೋ ಇದನ್ನು ಕಾರಿನಿಂದ ಇಳಿಸಿ ಹೋಗಿದ್ದರಂತೆ. ಕಾರು ಬಂದು ನಿಂತಾಗಲೆಲ್ಲ ಓಡಿಹೋಗಿ ಬಾಗಿಲ ಹತ್ತಿರ ನಿಲ್ಲುತ್ತಿತ್ತಂತೆ.

“ಜಪಾನೀಸ್ ಚಿನ್ ಅಂತಾರೆ ಸರ್. ನಮ್ಮ ಕಡೆ ನೋಡಾಕೂ ಸಿಗಲ್ಲ,” ಎಂದರು ಆ ಹೆಂಗಸು. “ಕಾವಲಿಗೆ ಬರಲ್ಲ, ಬೇಟೆಗೆ ಬರಲ್ಲ. ಹಿಂದೆ ಅರಮನೆಯೋರು ತೊಡೆ ಮ್ಯಾಲೆ ಕೂರಿಸಿಕೊಳ್ಳಾಕೆ ಸಾಕ್ತಿದ್ರಂತೆ. ಮನುಷ್ಯರ ಜೊತೆಗಿರೋದೇ ಇದರ ಕೆಲಸ. ಸ್ವಲ್ಪ ದಿನ ನೋಡ್ರಿ. ಒಗ್ಗಲಿಲ್ಲ ಅಂದ್ರೆ ನನಗೇ ವಾಪಸ್ ತಂದುಬಿಡ್ರಿ, ನಾನೇನೂ ಅನ್ನಲ್ಲ.”

ಒಗ್ಗಲಿಲ್ಲ ಅಂದ್ರೆ. ಈ ಮಾತು ನನಗೆ ಹಳೆಯದು. ಚಿಕ್ಕವನಿದ್ದಾಗ ಮನೆಗೆ ಬಂದ ನೆಂಟರೆಲ್ಲ ನನ್ನ ತಲೆಯ ಮೇಲಿಂದಲೇ ದೊಡ್ಡಪ್ಪನನ್ನು ಕೇಳುತ್ತಿದ್ದದ್ದು ಇದನ್ನೇ: ಹುಡುಗ ಒಗ್ಗಿದನಾ? ಆಗ ನನಗೆ ಅದರ ಅರ್ಥ ಗೊತ್ತಿರಲಿಲ್ಲ. ಏನೋ ಪರೀಕ್ಷೆ ಇರಬೇಕು, ನಾನು ಪಾಸಾಗಿಲ್ಲ ಎಂದುಕೊಳ್ಳುತ್ತಿದ್ದೆ.

ನ್ಯಾಮತಿಯಲ್ಲಿ ಸುದ್ದಿ ಹರಡಲು ಹೊತ್ತು ಬೇಕಿಲ್ಲ. ತಾಲೂಕು ಕೇಂದ್ರ ಆದರೇನು, ಊರು ಅದೇ. ಎದುರಿನ ಬಟ್ಟೆ ಅಂಗಡಿಯವರು ರಸ್ತೆ ದಾಟಿಕೊಂಡು ಬಂದರು.

“ಏನ್ರಿ, ಮನಿಗೆ ಚಿನ್ನ ತಂದೀರಂತೆ. ಎಷ್ಟು ತೊಲ?”

“ಚಿನ್ ಕಣ್ರಿ. ಚಿನ್ನ ಅಲ್ಲ.”

“ಏನ್ ಕೆಲಸ ಮಾಡ್ತೈತೆ?”

“ತೊಡೆ ಮ್ಯಾಲೆ ಕೂರ್ತೈತಂತೆ.”

“ಆ ಕೆಲಸ ನಮ್ಮನ್ಯಾಗೆ ಮೊಬೈಲೇ ಮಾಡ್ತೈತೆ ಬಿಡ್ರಿ,” ಎಂದು ನಕ್ಕು ಹೋದರು.

ತಮಾಷೆಯೆಂದರೆ ಅದು ಯಾರ ತೊಡೆಯ ಮೇಲೂ ಕೂರಲಿಲ್ಲ. ದೊಡ್ಡವ್ವ ಮೊದಲೇ ಕಾನೂನು ಹೇಳಿದ್ದಳು: “ಲಿಂಗಪೂಜೆ ಆಗೋ ಮನಿ ಇದು. ನಾಯಿ ತಲೆಬಾಗ್ಲು ಬಿಟ್ಟು ಒಳಗೆ ಬರಬಾರದು.” ಯಾರೂ ಗದರಿಸುವ ಅಗತ್ಯವೇ ಬೀಳಲಿಲ್ಲ. ಬಂದದ್ದೇ ತಲೆಬಾಗಿಲ ಒಳಮೂಲೆ ಹಿಡಿದು, ರಸ್ತೆಗೆ ಮುಖ ಮಾಡಿ ಕೂತುಬಿಟ್ಟಿತು. ಹೊನ್ನಾಳಿ ಕಡೆಯ ಬಸ್ಸು ನಮ್ಮ ಮನೆಯ ಮುಂದೆಯೇ ಹೋಗುತ್ತದೆ. ಬಸ್ಸಿನ ಸದ್ದಿಗೆ ಅದು ತಲೆ ಎತ್ತುತ್ತಿರಲಿಲ್ಲ. ಕಾರಿನ ಸದ್ದು ಕೇಳಿದರೆ ಮಾತ್ರ ಎದ್ದು ನಿಲ್ಲುತ್ತಿತ್ತು. ಕಾರು ದಾಟಿಹೋದ ಮೇಲೆ ಬೆಕ್ಕಿನ ಹಾಗೆ ಮುಂಗಾಲು ನೆಕ್ಕಿ ಮುಖ ಒರೆಸಿಕೊಂಡು ಮತ್ತೆ ಕೂರುತ್ತಿತ್ತು.

ತಿನ್ನುತ್ತಿರಲಿಲ್ಲ. ಹೆಂಡತಿ ಹಾಲನ್ನ ಕಲಸಿಟ್ಟಳು, ರೊಟ್ಟಿ ಮುರಿದು ಹಾಕಿದಳು, ಶಿವಮೊಗ್ಗದಿಂದ ಪ್ಯಾಕೆಟ್ ಆಹಾರ ತರಿಸಿದಳು. ಎಲ್ಲರೂ ಮರೆಯಾದ ಮೇಲೆ ಒಂದಿಷ್ಟು ಮೂಸಿ ಬಿಡುತ್ತಿತ್ತು. ದಿನಕ್ಕೊಂದು ಹೆಸರಿಟ್ಟು ಕರೆದಳು. ಯಾವುದಕ್ಕೂ ತಿರುಗಲಿಲ್ಲ. ಅದಕ್ಕೊಂದು ಹೆಸರು ಇದ್ದೇ ಇತ್ತು, ಅದನ್ನು ಕರೆಯುವವರು ಕಾರಿನಲ್ಲಿ ಹೋಗಿಬಿಟ್ಟಿದ್ದರು.

“ನನ್ನ ಕೈಯಿಂದ ಒಂದು ತುತ್ತು ತಿಂದ್ರೆ ಸಾಕಿತ್ತು ಕಣ್ರಿ,” ಎನ್ನುತ್ತಿದ್ದಳು ಹೆಂಡತಿ.

ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ. ಇದನ್ನು ನೇರವಾಗಿಯೇ ಹೇಳುತ್ತೇನೆ. ಅಂಗಡಿಯಿಂದ ಊಟಕ್ಕೆ ಬರುವಾಗ ಆ ಬೆನ್ನು ಕಾಣುತ್ತಿತ್ತು, ನನ್ನ ಹಸಿವು ಹೋಗುತ್ತಿತ್ತು. ಹಿತ್ತಲ ಬಾಗಿಲಿನಿಂದ ಬರಲು ಶುರುಮಾಡಿದೆ. ನಾಯಿಗೆ ಹೆದರಿ ಸುತ್ತುಹಾಕುತ್ತೀರಾ ಎಂದು ಹೆಂಡತಿ ಛೇಡಿಸಿದಳು. ಹೌದು, ಹೆದರಿದ್ದೆ.

ಏಕೆಂದರೆ ಆ ಮೂಲೆ ನನ್ನದಾಗಿತ್ತು. ದತ್ತು ಬಂದ ಹೊಸದರಲ್ಲಿ ನಾನು ಅಲ್ಲೇ ಕೂರುತ್ತಿದ್ದೆ. ಊಟಕ್ಕೆ ಕರೆದರೆ ಏಳುತ್ತಿರಲಿಲ್ಲ. ನಮ್ಮ ಹಳ್ಳಿಯಲ್ಲಿ ದಿನಾ ಮುದ್ದೆ, ಅನ್ನ ಹಬ್ಬಕ್ಕೆ ಮಾತ್ರ. ಇಲ್ಲಿ ದೊಡ್ಡವ್ವ ಮಗ ಬಂದ ಸಂಭ್ರಮಕ್ಕೆ ದಿನಾ ಬಿಳಿ ಅನ್ನ ಬಸಿದು ತುಪ್ಪ ಹಾಕಿ ಇಡುತ್ತಿದ್ದಳು. ಇಲ್ಲೇನೋ ದೊಡ್ಡ ಹಬ್ಬ ನಡೆದಿದೆ, ಅದಕ್ಕೇ ನನ್ನನ್ನು ಕರೆಸಿದ್ದಾರೆ, ಹಬ್ಬ ಮುಗಿದರೆ ಊರಿಗೆ ಕಳಿಸುತ್ತಾರೆ ಎಂದುಕೊಂಡಿದ್ದೆ. ಎಷ್ಟು ದಿನವಾದರೂ ತಟ್ಟೆಯಲ್ಲಿ ಅನ್ನವೇ ಬರುತ್ತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಹೆರದವರಿಗೆ ಆ ಹೆಗ್ಗಣ ಉಣ್ಣದೆ ಕೂತರೆ ಏನನ್ನಿಸಿರಬೇಕು ಎಂದು ಈಗ ಯೋಚಿಸುತ್ತೇನೆ.

ಆ ದಿನಗಳಲ್ಲಿ ನನಗೆ ಇಡಿಯಾಗಿ ನೆನಪಿರುವುದು ಒಂದೇ ದಿನ, ಅದು ಸಂತೋಷದ ದಿನ. ದೊಡ್ಡವ್ವ ತಲೆಗೆ ಎಣ್ಣೆ ಹಚ್ಚಿ ಬಾಚಿ, “ಪ್ಯಾಟೆ ನೋಡ್ಕಂಡು ಬರಾಣ ಬಾ,” ಎಂದು ದಾವಣಗೆರೆಗೆ ಕರೆದುಕೊಂಡು ಹೋದಳು. ಹೊನ್ನಾಳಿಯಲ್ಲಿ ಬಸ್ಸು ಸೇತುವೆ ದಾಟುವಾಗ ಎತ್ತಿ ಹಿಡಿದು ಹೊಳೆ ತೋರಿಸಿದಳು. ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ಕೊಡಿಸಿದಳು. ಕೂರಲು ಜಾಗವಿರಲಿಲ್ಲ, ನಮ್ಮ ಬಟ್ಟೆಚೀಲದ ಮೇಲೆ ನನ್ನನ್ನು ಕೂರಿಸಿದಳು. ಮೆತ್ತಗಿತ್ತು. ಖಾರಕ್ಕೆ ನನ್ನ ಕಣ್ಣಲ್ಲಿ ನೀರು ಬಂತು, ಸೆರಗಿನಿಂದ ಒರೆಸಿದಳು. ಸಂಜೆ ಬಂದ ದಾರಿಯಲ್ಲೇ ಮನೆಗೆ ಬಂದೆವು. ಇಷ್ಟೇ. ಇದನ್ನು ನಾನು ಹೆಂಡತಿಗೆ ಹೇಳಿದ್ದೇನೆ, ಮಗಳಿಗೆ ಹೇಳಿದ್ದೇನೆ, ಬೀಗರ ಮುಂದೆಯೂ ಹೇಳಿದ್ದೇನೆ. ನಾನು ನ್ಯಾಮತಿಯವನಾದದ್ದು ಆ ದಿನವೇ ಎಂದು ಸೇರಿಸುತ್ತಿದ್ದೆ. ಈ ಮಾತು ಬಂದಾಗಲೆಲ್ಲ ದೊಡ್ಡವ್ವ ಎದ್ದು ಒಳಗೆ ಹೋಗುತ್ತಿದ್ದಳು. ಹೊಗಳಿದರೆ ನಾಚಿಕೆ ಎಂದುಕೊಂಡಿದ್ದೆ.

ನಾಯಿ ಸೊರಗುತ್ತಾ ಬಂತು. ಎತ್ತಿದರೆ ಕೂದಲೊಳಗೆ ಪಕ್ಕೆಲುಬು ಕೈಗೆ ಸಿಗುತ್ತಿತ್ತು. ನ್ಯಾಮತಿಯ ದನದ ಡಾಕ್ಟರು ನೋಡಿ, ರೋಗವೇನೂ ಕಾಣುವುದಿಲ್ಲ, ಮನಸ್ಸಿಗೆ ಹಚ್ಚಿಕೊಂಡಿದೆ ಎಂದರು. ಆ ಸಂಜೆಯೇ ನಾನು ತೀರ್ಮಾನ ಮಾಡಿದೆ. ವಾಪಸ್ ಬಿಟ್ಟುಬರುವುದೇ ಸರಿ. ಅಲ್ಲಿ ಬೇರೆ ನಾಯಿಗಳಾದರೂ ಇವೆ. ನಾಯಿಯ ಒಳ್ಳೆಯದಕ್ಕೇ ಎಂದು ನನಗೆ ನಾನೇ ಹೇಳಿಕೊಂಡೆ. ಹೆಂಡತಿಗೆ ಮಾತ್ರ, “ದಾವಣಗೆರೆಯಾಗೆ ದೊಡ್ಡ ಡಾಕ್ಟರಿಗೆ ತೋರಿಸಿಕೊಂಡು ಬರ್ತೀನಿ,” ಎಂದೆ. ಅವಳು ನಂಬಿ, ದಾರಿಗೆಂದು ನೀರಿನ ಬಾಟಲಿ ತೊಳೆದಿಟ್ಟಳು.

ಬೆಳಿಗ್ಗೆ ಮುಚ್ಚಳದ ಬುಟ್ಟಿಯಲ್ಲಿ ಅದರ ಹೊದಿಕೆ ಹಾಸಿ, ಸರಪಳಿ ಇಟ್ಟು, ಪಕ್ಕದಲ್ಲಿ ಅದರ ಬಟ್ಟಲು ತುರುಕಿದೆ. ದೊಡ್ಡವ್ವ ಎದುರಿನ ಮಂಚದ ಮೇಲೆ ಪೂಜೆ ಮುಗಿಸಿ ಕೂತಿದ್ದಳು, ವಿಭೂತಿ ಇನ್ನೂ ಹಸಿಯಾಗಿತ್ತು. ನಾಯಿ ಬಂದಾಗಿನಿಂದ ಅವಳು ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ದಿನವಿಡೀ ಎದುರು ಕೂತು ನೋಡುತ್ತಿದ್ದಳು ಅಷ್ಟೇ.

“ಎಲ್ಲಿಗಪ್ಪ?” ಎಂದಳು.

“ಡಾಕ್ಟರ ಹತ್ರ.”

“ಡಾಕ್ಟರ ಹತ್ರ ಹೋಗಾಕೆ ಬಟ್ಲು ಯಾಕೆ?”

ನಾನು ಒಳಗಡೆ ತಿರುಗಿ ನೋಡಿದೆ. ಹೆಂಡತಿ ಅಡುಗೆಮನೆಯಲ್ಲಿದ್ದಳು, ಕೇಳಿಸಿಕೊಳ್ಳಲಿಲ್ಲ.

“ವಾಪಸ್ ಬಿಡಾಕೆ ಹೊಂಟೀಯ,” ಎಂದಳು ದೊಡ್ಡವ್ವ. ಬೈದ ದನಿಯಲ್ಲ. “ನಾನೂ ಹಂಗೇ ಎಲ್ಲಾನೂ ತುಂಬಿಕೊಂಡಿದ್ದೆ. ನಿನ್ನ ಚಡ್ಡಿ, ಅಂಗಿ, ಸ್ಲೇಟು, ಒಂದೂ ಬಿಡ್ದಂಗೆ.”

ನನಗೆ ತಕ್ಷಣ ತಿಳಿಯಲಿಲ್ಲ. ಆಮೇಲೆ ಚೀಲ ನೆನಪಾಯಿತು. ಬೆಳಿಗ್ಗೆ ಹೋಗಿ ಸಂಜೆ ಬರುವ ಪ್ಯಾಟೆಗೆ ಮಗು ಮೇಲೆ ಕೂರುವಷ್ಟು ದೊಡ್ಡ ಬಟ್ಟೆಚೀಲ ಏಕಿತ್ತು ಎಂದು ಒಂದು ಜನ್ಮವಿಡೀ ನಾನು ಕೇಳಿರಲಿಲ್ಲ.

“ಪ್ಯಾಟೆ ತೋರಿಸಾಕೆ ಕರಕಂಡು ಹೋಗಿದ್ದಲ್ವ?”

“ಜಗಳೂರಿಗೆ. ನಿಮ್ಮವ್ವಗೆ ಒಪ್ಪಿಸಿ ಬರಾಕೆ. ನೀನು ಉಣ್ತಿರ್ಲಿಲ್ಲ, ಸತ್ತುಗಿತ್ತು ಹೋದೀಯ ಅಂತ ಹೆದರಿಕೆ ನನಗೆ. ದಾವಣಗೆರೆಗೆ ಬರೋ ಹೊತ್ತಿಗೆ ಜಗಳೂರು ಬಸ್ ಹೋಗಿತ್ತು. ಆಗ ಇದ್ದಿದ್ದು ಅದೊಂದೇ. ಅಳ್ತೀಯ ಅಂತ ಮಂಡಕ್ಕಿ ಕೊಡಿಸಿದೆ.”

ಸಿಟ್ಟು ಬಂತು. ಎಂಬತ್ತು ದಾಟಿದ ಹೆಂಗಸಿನ ಮೇಲೆ ಬರಬಾರದಷ್ಟು ಬಂತು.

“ಬಸ್ ಸಿಕ್ಕಿದ್ರೆ ಬಿಟ್ಟು ಬರ್ತಿದ್ದೆ, ಹಂಗಾದ್ರೆ.”

“ಬರ್ತಿದ್ದೆ,” ಎಂದಳು.

ನನ್ನ ಇಡೀ ಬದುಕು, ಈ ಅಂಗಡಿ, ಹೆಂಡತಿ, ಮಗಳು, ಎಲ್ಲ ಒಂದು ಬಸ್ಸು ಬೇಗ ಹೊರಟದ್ದರಿಂದ ಆದದ್ದು. ನಾನು ಊರವರ ಮುಂದೆಲ್ಲ ಹೇಳಿಕೊಂಡು ಮೆರೆದ ದಿನ, ನನ್ನನ್ನು ಬೇಡವೆಂದು ಬಿಟ್ಟುಬರಲು ಹೊರಟ ದಿನ. ಬುಟ್ಟಿಯ ಹಿಡಿಕೆ ಕೈಯಲ್ಲೇ ಇತ್ತು. ನಾಯಿ ನಮ್ಮಿಬ್ಬರ ಕಡೆ ಬೆನ್ನು ಮಾಡಿ ರಸ್ತೆ ನೋಡುತ್ತಿತ್ತು.

“ಮತ್ತೆ ಮಾರನೆ ದಿನ?” ಎಂದೆ. ನನ್ನ ದನಿ ನನಗೇ ಚಿಕ್ಕ ಹುಡುಗನದಾಗಿ ಕೇಳಿಸಿತು. “ಮಾರನೆ ದಿನ ಬಸ್ ಇರ್ಲಿಲ್ವ?”

ದೊಡ್ಡವ್ವ ಸೆರಗಿನ ಅಂಚು ಮಡಿಸುತ್ತಾ ಬಿಚ್ಚುತ್ತಾ ಕೂತಳು.

“ಇತ್ತು. ಬಸ್ ಸ್ಟ್ಯಾಂಡಿನಾಗೆ ನೀನು ಕೇಳಿದೆ, ಹಬ್ಬ ಮುಗೀತಾ ಅಂತ. ನೀನು ಅನ್ನ ಯಾಕೆ ಮುಟ್ತಿಲ್ಲ ಅಂತ ಅವತ್ತೇ ನನಗೆ ತಿಳಿದಿದ್ದು. ಮಾರನೆ ದಿನ ಮುದ್ದೆ ತಿರುವಿದೆ, ನೀನು ಅರ್ಧ ಉಂಡೆ. ಹೋಗಲ್ವೇನೆ ಅಂದ್ರು ನಿಮ್ಮ ದೊಡ್ಡಪ್ಪ. ನಾಳೆ ಹೋದ್ರಾತು ಅಂದೆ. ಮತ್ತೆ ಮಾರನೆ ದಿನಾನೂ ಹಂಗೇ ಅಂದೆ. ಬಟ್ಟೆ ಚೀಲದಾಗೇ ಇದ್ವು, ಅದರಾಗಿಂದಾನೇ ತೆಗೆದು ತೊಡಿಸ್ತಿದ್ದೆ. ಯಾವತ್ತು ಆ ಮಾತು ಬಿಟ್ಟೆನೋ, ನನಗೇ ಗೊತ್ತಾಗ್ಲಿಲ್ಲ ಕಣಪ್ಪ.”

ಅವಳು ಅತ್ತಳೋ ಇಲ್ಲವೋ ನೋಡಲಿಲ್ಲ. ನನಗೆ ನೋಡುವ ಧೈರ್ಯ ಇರಲಿಲ್ಲ. ನನಗೆ ಬೇಕಾಗಿದ್ದದ್ದು ಬೇರೆ ಉತ್ತರ. ನಿನ್ನನ್ನು ಬಿಡಲು ಮನಸ್ಸಾಗಲಿಲ್ಲ ಎಂದಿದ್ದರೆ ಆಗುತ್ತಿತ್ತು. ಆದರೆ ಅವಳು ಸುಳ್ಳು ಹೇಳುವವಳಲ್ಲ. ಬಸ್ಸು ತಪ್ಪಿದ್ದೂ ನಿಜ, ಮಾರನೆ ದಿನ ಬಸ್ಸಿದ್ದೂ ನಿಜ.

ದೂರದಲ್ಲಿ ಹಾರ್ನ್ ಕೇಳಿಸಿತು. ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. “ರೀ, ಬಸ್ ಬಂತು. ಅದನ್ನ ಎತ್ಕಳ್ರಿ.”

ನಾಯಿ ಹಾಗೇ ಕೂತಿತ್ತು. ಅದಕ್ಕೆ ನಾವಿನ್ನೂ ಯಾರೂ ಅಲ್ಲ, ಅದರ ಹಬ್ಬ ಯಾವುದು, ಮುದ್ದೆ ಯಾವುದು, ನಮಗೂ ಗೊತ್ತಿಲ್ಲ. ಬಸ್ಸು ಮನೆಯ ಮುಂದೆ ನಿಧಾನ ಮಾಡಿತು, ಯಾರೂ ಕೈ ಮಾಡಲಿಲ್ಲ, ಹೊರಟುಹೋಯಿತು. ನಾನು ಬುಟ್ಟಿಯಿಂದ ಬಟ್ಟಲು ತೆಗೆದು ನೆಲಕ್ಕಿಟ್ಟೆ.

“ಡಾಕ್ಟರು ಊರಾಗೆ ಇಲ್ಲಂತೆ,” ಎಂದೆ ಹೆಂಡತಿಗೆ. “ನಾಳೆ ಹೋದ್ರಾತು.”