ಗಡಿ ತೋರಿಸುವ ಮಾವ

ನಮ್ಮ ಕುನಾಮ ಬುಡಕಟ್ಟಿನ ಹಳ್ಳಿಗಳಲ್ಲಿ ಊರಿಗೊಬ್ಬ ಗಡಿ ತೋರಿಸುವ ಮುದುಕ ಇದ್ದೇ ಇರುತ್ತಾನೆ. ನಮ್ಮೂರಿಗೆ ನನ್ನ ಗಂಡನ ಸೋದರಮಾವ ಅಗೋಸ್ತಿನೋ. ನೂರು ವರ್ಷದ ಹಿಂದೆ, ಆಗ ಎರಿಟ್ರಿಯವನ್ನು ಆಳುತ್ತಿದ್ದ ಇಟಲಿಯವರೂ ಇಥಿಯೋಪಿಯದ ಚಕ್ರವರ್ತಿಯೂ ಒಪ್ಪಂದ ಮಾಡಿಕೊಂಡು, ಕುನಾಮರು ಎರಿಟ್ರಿಯದ ಕಡೆಗೇ ಉಳಿಯುವಂತೆ ಗೆರೆ ಎಳೆಯತಕ್ಕದ್ದು ಎಂದು ಬರೆದರು. ಕುನಾಮರು ಎಲ್ಲಿಯವರೆಗೆ ಇದ್ದಾರೆಂದು ಮಾತ್ರ ಬರೆಯಲಿಲ್ಲ. ಹಾಗಾಗಿ ನಕ್ಷೆ ಹಿಡಿದು ಬಂದವರೆಲ್ಲ ಮಾವನನ್ನೇ ಕೇಳುತ್ತಾರೆ. ಮಾವ ಮೊದಲು ಜೋಳದ ಹೆಂಡ ಕುಡಿಸುತ್ತಾರೆ, ‘ಬೂಟು ಬಿಚ್ಚಿ ನಡೀರಪ್ಪಾ, ನೆಲಕ್ಕೂ ನಿಮ್ ಪರಿಚಯ ಆಗ್ಲಿ’ ಎಂದು ಗದರುತ್ತಾರೆ, ಕೊನೆಗೆ ಹಳ್ಳದಾಚೆ ನಮ್ಮ ವಂಶದವರನ್ನೆಲ್ಲ ಒಟ್ಟಿಗೆ ಇಟ್ಟಿರುವ ಗೋರಿಯ ಮುಂದೆ ನಿಲ್ಲಿಸಿ, ‘ನಮ್ಮೋರ ಎಲುಬು ಎಲ್ಲೀತನಕ ಇದೆಯೋ ಅಲ್ಲೀತನಕ ನಮ್ಮೂರು. ಬರ್ಕೊಳ್ಳಿ’ ಎನ್ನುತ್ತಾರೆ. ರಾಜಧಾನಿ ಅಸ್ಮಾರದಲ್ಲಿ ಓದಿ ಬಂದ ನಾನು ಪ್ರತಿ ಸಲವೂ ಹೆದರಿ, ‘ಸುಮ್ನಿರಿ ಮಾವ, ಮಗು ಇರೋ ಮನೆ’ ಎಂದರೆ, ‘ಅದಕ್ಕೇ ಕಣಮ್ಮಾ ಸುಮ್ನಿರಲ್ಲ’ ಎನ್ನುತ್ತಾರೆ. ಇಥಿಯೋಪಿಯದೊಡನೆ ಯುದ್ಧವಾದ ಮೇಲೆ ಆ ಗೋರಿ ಆಚೆಯ ಸೈನ್ಯದ ಕಂದಕದ ಹಿಂದಾಯಿತು; ಈಗ ಮಾವ ಅದನ್ನು ಹಳ್ಳದ ಈಚೆಯಿಂದಲೇ ಬೆರಳು ಮಾಡಿ ತೋರಿಸುತ್ತಾರೆ. ಈ ವರ್ಷ ನನ್ನ ಅತ್ತೆ, ಅಂದರೆ ಮಾವನ ಅಕ್ಕ, ತೀರಿಕೊಂಡಾಗ ಅಲ್ಲಿಗೆ ಒಯ್ಯಲು ಬಿಡಲಿಲ್ಲ. ಮನೆಯ ಹಿಂದೆಯೇ ಮಣ್ಣು ಮಾಡಬೇಕಾಯಿತು. ಮಾವ ಒಂದು ಕಲ್ಲನ್ನೂ ಇಡಲಿಲ್ಲ. ನೆಲವನ್ನು ಸಮ ಮಾಡಿ ಎಳ್ಳು ಬಿತ್ತಿ, ‘ಇಲ್ಲಿ ಗೋರಿ ಕಂಡ್ರೆ, ನಮ್ಮೋರ ಎಲುಬು ಇಲ್ಲೀತನಕ ಮಾತ್ರ ಅಂತ ಗೆರೆ ಇಲ್ಲಿಗೇ ಎಳೀತಾರೆ’ ಎಂದರು. ಈಗ ದಿನಾ ಬೆಳಿಗ್ಗೆ ನನ್ನ ಮಗಳನ್ನು ಅಲ್ಲಿ ನಿಲ್ಲಿಸಿ, ‘ಅಜ್ಜಿ ಇಲ್ಲೇ ಇದಾಳೆ, ಮರೀಬೇಡ. ಯಾರಿಗೂ ಹೇಳ್ಬೇಡ ಕೂಸೇ’ ಎನ್ನುತ್ತಾರೆ. ಅವಳಿಗೆ ಮೂರು ವರ್ಷ. ಕಂಡದ್ದನ್ನೆಲ್ಲ ಕಂಡವರಿಗೆಲ್ಲ ಹೇಳುವ ವಯಸ್ಸು.