ತೊರೆಯ ಬಾಯಿಗೆ ಉಣ್ಣೆಹಾಸು

ಮರ್ಗಿಲಾನ್ ಊರಿನ ನಮ್ಮ ಓಣಿಯಲ್ಲಿ ಉಲ್ಮಸ್ ಅಣ್ಣನಷ್ಟು ಹಟಮಾರಿ ಇನ್ನೊಬ್ಬನಿಲ್ಲ. ಜೀವಮಾನವಿಡೀ ಬಸ್ಸು ಓಡಿಸಿದವನು. ಎದುರಿಗೆ ಬಂದವರು ಪಕ್ಕಕ್ಕೆ ಸರಿಯಬೇಕೆಂಬ ಹಮ್ಮು ನಿವೃತ್ತಿಯಾದರೂ ಇಳಿದಿರಲಿಲ್ಲ. ಸರಿಯದೆ ನಿಂತದ್ದು ಒಂದೇ, ಅವನ ಹಿತ್ತಲ ನೆಲದಡಿ ಗುಟ್ಟಾಗಿ ಹರಿಯುತ್ತಿದ್ದ ತೊರೆ.

ಆ ವಸಂತದಲ್ಲಿ ಬೆಟ್ಟದ ಹಿಮ ಕರಗಿದ್ದೇ ತಡ, ಅದು ದ್ರಾಕ್ಷಿ ಚಪ್ಪರದ ಬುಡದಲ್ಲಿ ಬುಗ್ಗೆಯಾಗಿ ಎದ್ದಿತು. ಪಕ್ಕದಲ್ಲೇ ಅವನ ಮನೆ. ಗೋಡೆಯೆಲ್ಲ ಬರೀ ಮಣ್ಣು. ಕಾಲುವೆ ತೋಡಿ ನೀರನ್ನು ಬೀದಿಗೆ ಬಿಡು ಎಂದೆವು. ಹಾಗೆ ಮಾಡಿದರೆ ಬೇರು ಕಡಿದು, ಅವನ ತಂದೆ ನೆಟ್ಟ ದ್ರಾಕ್ಷಿ ಬಳ್ಳಿ ಹೋಗುತ್ತಿತ್ತು. ಅಣ್ಣ ಅಜ್ಜಂದಿರ ಉಪಾಯ ಹಿಡಿದ. ಹೆಂಡತಿ ಹೋಸಿಯತ್ ತವರಿನಿಂದ ತಂದಿದ್ದ ದಪ್ಪ ಉಣ್ಣೆಹಾಸನ್ನು ಸುರುಳಿ ಸುತ್ತಿ, ಬುಗ್ಗೆಯ ಬಾಯಿಗೆ ತುರುಕಿ, ಮೇಲೆ ಬೀಸುಕಲ್ಲು ಹೇರಿದ. ನೀರು ನಿಂತಿತು. ದಂಡೆತ್ತಿ ಗೆದ್ದ ಸೇನಾಪತಿಯ ಠೀವಿಯಲ್ಲಿ ಓಣಿಗೆಲ್ಲ ಚಹಾ ಕುಡಿಸಿದ.

ಮರುದಿನವೂ ವಿಜಯೋತ್ಸವ ನಡೆದಿತ್ತು. ಹೋಸಿಯತ್ ಬಾಗಿಲಿಗೆ ಬಂದು ಗಂಡನನ್ನು ಕರೆದಳು.

"ಹುಡುಗರ ಅಪ್ಪಾ, ನಿಮ್ಮ ಶತ್ರು ಅಡುಗೆಮನೇಲಿ ಕೂತಿದಾನೆ. ಅವನಿಗೂ ಚಹಾ ಕೊಡ್ಲಾ?"

ಒಳಗೆ ಗೋಡೆಯ ಬುಡ ನೆಂದು ಕಪ್ಪಾಗಿತ್ತು. ನಾವು ನೋಡುತ್ತಿದ್ದಂತೆಯೇ ಬಿರುಕೊಂದು ಕಿಟಕಿಯವರೆಗೆ ಏರಿತು. ಹೊರಗೋಡಿ ಬೀಸುಕಲ್ಲು ಉರುಳಿಸಿದೆವು. ನೀರು ಕುಡಿದು ಊದಿದ ಹಾಸು ಬಳ್ಳಿಯ ಬೇರುಗಳ ನಡುವೆ ಸಿಕ್ಕಿಕೊಂಡಿತ್ತು. ಹಗ್ಗ ಕಟ್ಟಿ ಎಳೆದೆವು. ಹಗ್ಗ ಹರಿದು ಓಣಿಯ ವೀರರೆಲ್ಲ ಕೆಸರಿನಲ್ಲಿ ಅಂಗಾತ ಬಿದ್ದರು. ಅಷ್ಟರಲ್ಲಿ ಒಳಗೆ ಮಣ್ಣಿನ ಹೆಂಟೆ ಕಳಚಿ ಬಿದ್ದ ಸದ್ದಾಯಿತು. ಯಾರೂ ನಗಲಿಲ್ಲ.

ಹೋಸಿಯತ್ ಗುದ್ದಲಿ ತಂದು ಗಂಡನ ಮುಂದೆ ಹಿಡಿದಳು. "ಬೇರು ಕಡೀರಿ. ಗೋಡೆ ನಿಮಗೋಸ್ಕರ ಕಾಯಲ್ಲ."

"ಅಪ್ಪ ನೆಟ್ಟಿದ್ದು ಕಣೇ."

"ಮನೆ ಕಟ್ಟಿದ್ದೂ ಅವರೇ ಅಲ್ವಾ?"

ಅಣ್ಣ ಗುದ್ದಲಿ ಎತ್ತಿದ. ನಾವು ಬೀದಿಯ ಕಡೆಯಿಂದ ಕಾಲುವೆ ತೋಡುತ್ತ ಬಂದೆವು. ಒಂದೊಂದು ಏಟಿಗೂ ಅವನ ಕಣ್ಣು ಗೋಡೆಯತ್ತ ಹೋಗಿ ಬರುತ್ತಿತ್ತು. ಕೊನೆಯ ಬೇರು ತುಂಡಾದದ್ದೇ ಹಾಸು ಚಿಮ್ಮಿ ಹೊರಬಿತ್ತು. ನೀರು ಅವನ ಮೊಣಕಾಲಿಗೆ ಬಡಿದು ಕಾಲುವೆ ಹಿಡಿದು ಓಡಿತು. ಒಳಗೆ ಓಡಿ ಕಿಟಕಿಯನ್ನೇ ನೋಡುತ್ತ ನಿಂತೆವು. ಬಿರುಕು ಮತ್ತೆ ಮೇಲೇರಲಿಲ್ಲ.

ಚಪ್ಪರದ ಎಲೆ ವಾರದೊಳಗೆ ಒಣಗಿತು. ಈಗ ಅಣ್ಣ ತೊರೆಯ ಮೇಲೆ ಮಂಚ ಹಾಕಿ, ತಲೆಗೆ ಟವೆಲು ಸುತ್ತಿ, ಬಿಸಿಲಿನಲ್ಲೇ ಚಹಾ ಕುಡಿಯುತ್ತಾನೆ. ಹೊಸ ಬಳ್ಳಿಯನ್ನು ಹೋಸಿಯತ್ ತೋರಿಸಿದ ಜಾಗದಲ್ಲಿ ನೆಟ್ಟಿದ್ದಾನೆ.